ವಿಜಯದಶಮಿ ಮುಗಿಸಿಕೊಂಡು ಉತ್ತರ ಯುರೋಪಿಗೆ: ಶರತ್ಕಾಲದ ಹವೆ ಹೇಗಿರುತ್ತದೆ?

ಒಂಟಿಕೊಪ್ಪಲ್, ಮೈಸೂರು

ಎಲ್ಲರಿಗೂ ನಮಸ್ಕಾರ. ಈ ಸಲ ವಿಜಯದಶಮಿ ಮುಗಿಸಿಕೊಂಡು ನಾವು ನಾಲ್ವರು, ಅಂದರೆ ನಾನು, ನಮ್ಮ ಯಜಮಾನರು, ಐದನೆಯ ತರಗತಿಯಲ್ಲಿರುವ ಮಗಳು ಮತ್ತು ಮಂಡಿನೋವಿರುವ ನಮ್ಮ ಅತ್ತೆಯವರು, ಉತ್ತರ ಯುರೋಪಿಗೆ ಹೋಗಿಬರಬೇಕೆಂದಿದ್ದೇವೆ. ಕೋಪನ್‌ಹೇಗನ್‌ನಲ್ಲಿ ಇಳಿದು ಓಸ್ಲೊಗೆ ಹೋಗುವುದು, ಅಲ್ಲಿಂದ ರೈಲಿನಲ್ಲಿ ಬರ್ಗನ್, ಆಮೇಲೆ ಧ್ರುವಪ್ರಭೆ (ರಾತ್ರಿಯ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು) ನೋಡಲು ನಾರ್ವೆಯ ಉತ್ತರ ತುದಿಯ ಟ್ರೊಮ್ಸೊ, ಕೊನೆಗೆ ಸ್ಟಾಕ್‌ಹೋಮ್‌ನಿಂದ ಮರಳುವುದು ಎಂಬುದು ಸದ್ಯದ ಯೋಜನೆ. ಅಕ್ಟೋಬರ್ ಎರಡನೆಯ ವಾರದಲ್ಲಿ ಹೊರಟರೆ ವಿಮಾನದ ದರ ಹೆಚ್ಚು. ದೀಪಾವಳಿ ಕಳೆದ ಮೇಲೆ, ನವೆಂಬರ್ ಎರಡನೆಯ ವಾರಕ್ಕೆ ಮುಂದೂಡಿದರೆ ಗಮನಾರ್ಹವಾಗಿ ಕಡಿಮೆ. ಎರಡೂ ಶರತ್ಕಾಲವೇ ಆದ್ದರಿಂದ ಒಂದು ತಿಂಗಳಿನಲ್ಲಿ ಹವೆ ಅಷ್ಟೇನು ಬದಲಾದೀತು ಎಂಬುದು ನಮ್ಮ ಮನೆಯವರ ವಾದ. ಅಲ್ಲಿ ನೆಲೆಸಿರುವವರು ಅಥವಾ ಆ ತಿಂಗಳುಗಳಲ್ಲಿ ಹೋಗಿಬಂದವರು ದಯವಿಟ್ಟು ತಿಳಿಸಬೇಕು. ಚಳಿಯ ವಿಷಯವೊಂದೇ ನಮಗೆ ಭಯ.

ಸ್ಟಾಕ್‌ಹೋಮ್‌ವಾಸಿ

ನಮಸ್ಕಾರ ಮೇಡಂ. ನೀವು ಚಳಿಯನ್ನು ಕುರಿತು ಕೇಳಿದ್ದೀರಿ, ಆದರೆ ನಿಮ್ಮ ಎರಡು ದಿನಾಂಕಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಬೆಳಕಿನಲ್ಲಿ, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ. ಮೈಸೂರಿನಲ್ಲಿ ಅಕ್ಟೋಬರ್ 10ಕ್ಕೂ ನವೆಂಬರ್ 10ಕ್ಕೂ ನಡುವೆ ಹಗಲು ಕುಗ್ಗುವುದು ಇಪ್ಪತ್ತು ನಿಮಿಷದ ಆಸುಪಾಸು; ಅದು ಯಾರ ಗಮನಕ್ಕೂ ಬರುವುದಿಲ್ಲ. ಸ್ಟಾಕ್‌ಹೋಮ್‌ನಲ್ಲಿ ಅದೇ ಅವಧಿಯಲ್ಲಿ ಹಗಲು ಹತ್ತೂವರೆ ತಾಸಿಗಿಂತ ತುಸು ಹೆಚ್ಚಿದ್ದದ್ದು ಎಂಟು ತಾಸಿಗೆ ಇಳಿದಿರುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುವುದರಿಂದ, ನವೆಂಬರ್ ಎರಡನೆಯ ವಾರದಲ್ಲಿ ಮಧ್ಯಾಹ್ನ ಮೂರೂವರೆಗೆ ಹೊತ್ತು ಮುಳುಗುತ್ತದೆ. ಬೆಳಿಗ್ಗೆ ಮಗಳನ್ನು ಎಬ್ಬಿಸಿ, ತಿಂಡಿ ಮುಗಿಸಿ, ಅತ್ತೆಯವರನ್ನು ಹೊರಡಿಸಿಕೊಂಡು ಹತ್ತೂವರೆಗೆ ಹೊರಬಿದ್ದರೆ ನಿಮಗೆ ಸಿಗುವ ಬೆಳಕು ಐದು ತಾಸು ಮಾತ್ರ. ಅದರಲ್ಲಿ ಊಟಕ್ಕೆ ಒಂದು ತಾಸು ಹೋಗುತ್ತದೆ.

ಆ ಐದು ತಾಸಿನಲ್ಲೂ ಬಿಸಿಲು ಇರುತ್ತದೆಂದು ನಂಬುವಂತಿಲ್ಲ. ನವೆಂಬರ್ ಇಡೀ ತಿಂಗಳಿಗೆ ಇಲ್ಲಿ ಸಿಗುವ ಬಿಸಿಲು ಸರಾಸರಿ 50–60 ತಾಸು. ಮೋಡ ಕವಿದ ದಿನ ನಡುಹಗಲಿನಲ್ಲೂ ಮನೆಯೊಳಗೆ ದೀಪ ಹಾಕಿಕೊಂಡೇ ಇರುತ್ತೇವೆ. ಅಕ್ಟೋಬರಿನಲ್ಲಿ ಹಾಗಲ್ಲ, ನಗರದ ದ್ವೀಪಗಳಲ್ಲಿ ಮೇಪಲ್ ಮತ್ತು ಬರ್ಚ್ ಮರಗಳ ಎಲೆ ಹಳದಿಯಾಗಿರುತ್ತದೆ, ಬಿಸಿಲು ಬಿದ್ದ ದಿನ ಸೂರ್ಯ ದಕ್ಷಿಣದಲ್ಲಿ ತಗ್ಗಾಗಿಯೇ ಚಲಿಸುವುದರಿಂದ ದಿನವಿಡೀ ಸಂಜೆಯಂಥ ಓರೆ ಬೆಳಕು ಇರುತ್ತದೆ. ಅದನ್ನು ನೋಡಲೆಂದೇ ಬರಬೇಕು ಎನ್ನುವಷ್ಟು ಚೆನ್ನಾಗಿರುತ್ತದೆ.

ಉಷ್ಣಾಂಶದ ಲೆಕ್ಕ ಹೇಳುವುದಾದರೆ, ಅಕ್ಟೋಬರ್ ನಡುಭಾಗದಲ್ಲಿ ಹಗಲಿನ ಗರಿಷ್ಠ ಉಷ್ಣಾಂಶ ಕೋಪನ್‌ಹೇಗನ್‌ನಲ್ಲಿ 12–13 ಡಿಗ್ರಿ, ಓಸ್ಲೊ, ಸ್ಟಾಕ್‌ಹೋಮ್‌ಗಳಲ್ಲಿ 10ರ ಆಸುಪಾಸು, ಟ್ರೊಮ್ಸೊದಲ್ಲಿ 5 ಇರುತ್ತದೆ. ನವೆಂಬರಿನಲ್ಲಿ ಕೋಪನ್‌ಹೇಗನ್ 7–8ಕ್ಕೆ, ಓಸ್ಲೊ 3–4ಕ್ಕೆ, ಸ್ಟಾಕ್‌ಹೋಮ್ 5ಕ್ಕೆ ಇಳಿಯುತ್ತವೆ. ರಾತ್ರಿ ಸೊನ್ನೆಯ ಹತ್ತಿರ ಹೋಗುವುದು ಅಕ್ಟೋಬರಿನಲ್ಲೂ ಉಂಟು. ಸ್ವೀಡನ್ನಿನ ಹವಾಮಾನ ಇಲಾಖೆ ಋತುಗಳನ್ನು ತಾರೀಖಿನಿಂದ ಎಣಿಸುವುದಿಲ್ಲ. ದಿನದ ಸರಾಸರಿ ಉಷ್ಣಾಂಶ ಸತತ ಐದು ದಿನ 10 ಡಿಗ್ರಿಗಿಂತ ಕೆಳಗಿದ್ದರೆ ಶರತ್ಕಾಲ ಬಂತೆಂದೂ, ಸತತ ಐದು ದಿನ ಸೊನ್ನೆ ಅಥವಾ ಅದಕ್ಕಿಂತ ಕೆಳಗಿದ್ದರೆ ಚಳಿಗಾಲ ಬಂತೆಂದೂ ಘೋಷಿಸುತ್ತದೆ. ಈ ಲೆಕ್ಕದಲ್ಲಿ ನವೆಂಬರ್ ಎರಡನೆಯ ವಾರದ ಹೊತ್ತಿಗೆ ಉತ್ತರದ ತುದಿಯಲ್ಲಿ ಚಳಿಗಾಲ ಕಾಲಿಟ್ಟಿರುತ್ತದೆ, ದಕ್ಷಿಣದ ತುದಿಯಲ್ಲಿ ಇನ್ನೂ ಶರತ್ಕಾಲವೇ ನಡೆದಿರುತ್ತದೆ. ಎರಡೂ ಶರತ್ಕಾಲವೇ ಎಂಬ ನಿಮ್ಮ ಮನೆಯವರ ಮಾತು ಕ್ಯಾಲೆಂಡರಿಗೆ ಸರಿ, ನಿಮ್ಮ ಪ್ರಯಾಣದ ಹಾದಿಗೆ ಸರಿಹೊಂದುವುದಿಲ್ಲ.

ತೀರ್ಥಹಳ್ಳಿಯವರು, ಈಗ ಬರ್ಗನ್

ಮೇಲಿನವರು ಬೆಳಕಿನ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಬರ್ಗನ್ ವಿಷಯಕ್ಕೆ ಬಂದರೆ ಮಳೆ ಮತ್ತು ಗಾಳಿಯ ಮಾತನ್ನು ಪ್ರತ್ಯೇಕವಾಗಿ ಆಡಬೇಕಾಗುತ್ತದೆ.

ನಾರ್ವೆಯ ಪಡುವಣ ಕರಾವಳಿಯನ್ನು ನಮ್ಮ ಘಟ್ಟದ ಪಡುವಣ ಮೈಯಂತೆ ತಿಳಿಯಿರಿ. ಅಟ್ಲಾಂಟಿಕ್ ಸಾಗರದಿಂದ ಬರುವ ತೇವದ ಗಾಳಿ ಬೆಟ್ಟಕ್ಕೆ ತಗುಲಿ ಮೇಲೇರಿ, ತಣಿದು, ಹೊತ್ತು ತಂದ ನೀರನ್ನೆಲ್ಲ ಇಲ್ಲೇ ಸುರಿಯುತ್ತದೆ. ಬೆಟ್ಟ ದಾಟಿದ ಮೇಲೆ ಓಸ್ಲೊದ ಕಡೆ ಬಯಲುಸೀಮೆಯ ಹಾಗೆ ಮಳೆ ಕಡಿಮೆ. ಓಸ್ಲೊದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 800 ಮಿ.ಮೀ., ಬರ್ಗನ್‌ನಲ್ಲಿ 2,250ಕ್ಕೂ ಹೆಚ್ಚು. ಅದರಲ್ಲಿ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗಿನ ತಿಂಗಳುಗಳದ್ದೇ ದೊಡ್ಡ ಪಾಲು. ಅಕ್ಟೋಬರ್ ಒಂದೇ ತಿಂಗಳಿನಲ್ಲಿ 250 ಮಿ.ಮೀ. ದಾಟುವುದು ಇಲ್ಲಿ ಮಾಮೂಲು. 2006ರ ಅಕ್ಟೋಬರ್ ಕೊನೆಯಿಂದ 2007ರ ಜನವರಿಯವರೆಗೆ ಈ ಊರಿನಲ್ಲಿ ಒಂದು ದಿನವೂ ಬಿಡುವಿಲ್ಲದೆ 85 ದಿನ ಮಳೆಯಾದ ದಾಖಲೆ ಇದೆ.

ಹೀಗೆಂದು ಬರ್ಗನ್ನನ್ನು ಕೈಬಿಡಬೇಡಿ. ಮಲೆನಾಡಿನ ಆಷಾಢದ ಜಡಿಮಳೆಯ ಹಾಗೆ ವಾರಗಟ್ಟಲೆ ಒಂದೇ ಸಮನೆ ಹೊಡೆಯುವುದು ಇಲ್ಲಿ ಅಪರೂಪ. ಬೆಳಿಗ್ಗೆ ಒಂದು ಹೊಡೆತ, ಹನ್ನೊಂದಕ್ಕೆ ಹೊಳವು, ಒಂದು ಗಂಟೆಗೆ ಸೋನೆ, ಮೂರಕ್ಕೆ ಹೊಳೆಯುವ ಬಿಸಿಲು ಎಂಬಂತೆ ದಿನವೊಂದರಲ್ಲೇ ನಾಲ್ಕು ಬಗೆ ನೋಡಬಹುದು. ಹೊಳವಾದಾಗ ಹತ್ತಿದರೆ ಫ್ಲೊಯೆನ್ ಬೆಟ್ಟದ ಮೇಲಕ್ಕೆ ಹಳಿಯ ಮೇಲೆ ಹೋಗುವ ಬಂಡಿ ಕೆಲವೇ ನಿಮಿಷಗಳಲ್ಲಿ ನಿಮ್ಮನ್ನು ತಲುಪಿಸುತ್ತದೆ, ಅತ್ತೆಯವರಿಗೂ ಕಷ್ಟವಿಲ್ಲ. ಆದ್ದರಿಂದ ನನ್ನ ಸಲಹೆಯೆಂದರೆ, ಬರ್ಗನ್‌ನಲ್ಲಿ ಒಂದು ರಾತ್ರಿಯ ಬದಲು ಮೂರು ರಾತ್ರಿ ಇರಿ, ಯಾವ ದಿನ ಏನು ನೋಡುವುದೆಂದು ಮೊದಲೇ ನಿಗದಿ ಮಾಡಬೇಡಿ. ನಾರ್ವೆಯ ಹವಾಮಾನ ಇಲಾಖೆ ಮತ್ತು ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಸೇರಿ ನಡೆಸುವ ‘ಯರ್’ ಎಂಬ ಆ್ಯಪ್ ಇದೆ. ತಾಸುತಾಸಿನ ಮುನ್ಸೂಚನೆ ಕೊಡುತ್ತದೆ. ಇಡೀ ದಿನಕ್ಕೆ ಮಳೆಮೋಡದ ಚಿತ್ರ ತೋರಿಸಿದೆಯೆಂದು ನಿರಾಶರಾಗದೆ ಒಳಗೆ ತೆರೆದು ತಾಸಿನ ಪಟ್ಟಿ ನೋಡಿ. ಒಂದು ತಾಸಿಗೆ 0.2 ಮಿ.ಮೀ. ಎಂದಿದ್ದರೆ ತುಂತುರು, ಧಾರಾಳವಾಗಿ ನಡೆಯಬಹುದು, 3 ಮಿ.ಮೀ. ದಾಟಿದರೆ ವಸ್ತುಸಂಗ್ರಹಾಲಯದ ದಾರಿ ಹಿಡಿಯುವುದು ಒಳ್ಳೆಯದು.

ಛತ್ರಿಯನ್ನು ನಂಬಬೇಡಿ. ಬಂದರಿನ ಕಡೆಯಿಂದ ಗಾಳಿ ಬೀಸಿದಾಗ ಮಳೆ ಮೇಲಿನಿಂದಲ್ಲ, ಪಕ್ಕದಿಂದ ಬರುತ್ತದೆ. ಗಾಳಿಮಳೆಯ ಮರುದಿನ ಬೀದಿಬದಿಯ ಕಸದ ಡಬ್ಬಗಳಲ್ಲಿ ಕಡ್ಡಿ ಮುರಿದ ಛತ್ರಿಗಳು ತುಂಬಿರುತ್ತವೆ. ಟೊಪ್ಪಿಗೆಯಿರುವ, ಹೊಲಿಗೆಯ ಸಂದಿಗೆ ಪಟ್ಟಿ ಅಂಟಿಸಿ ನೀರು ನುಗ್ಗದಂತೆ ಮಾಡಿದ ಒಳ್ಳೆಯ ರೇನ್‌ಕೋಟು ಎಲ್ಲರಿಗೂ ಬೇಕು. ಜೀನ್ಸ್ ಹಾಕಿಕೊಳ್ಳಬೇಡಿ, ನೆನೆದರೆ ಸಂಜೆಯವರೆಗೆ ಒಣಗುವುದಿಲ್ಲ, ಕಾಲಿನ ಬಿಸಿಯನ್ನೆಲ್ಲ ಹೀರುತ್ತದೆ.

ಇನ್ನೊಂದು ಮಾತು. ಇಲ್ಲಿನ ಮುನ್ಸೂಚನೆಯಲ್ಲಿ ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಕೊಡುತ್ತಾರೆ. 10 ಎಂದು ಕಂಡರೆ ಅದು ತಾಸಿಗೆ 36 ಕಿ.ಮೀ. ಉಷ್ಣಾಂಶ 5 ಡಿಗ್ರಿ ಇದ್ದು ಆ ವೇಗದ ಗಾಳಿ ಬೀಸಿದರೆ ಮೈಗೆ ತಾಗುವುದು ಸೊನ್ನೆ ಡಿಗ್ರಿಯ ಚಳಿ. ಡಿಗ್ರಿಯ ಅಂಕಿಯೊಂದನ್ನೇ ನೋಡಿ ಬಟ್ಟೆ ಆರಿಸುವವರು ನಡುಗುವುದು ಇದೇ ಕಾರಣಕ್ಕೆ.

ಒಂಟಿಕೊಪ್ಪಲ್, ಮೈಸೂರು

ಇಷ್ಟು ವಿವರವಾಗಿ ಬರೆದ ಇಬ್ಬರಿಗೂ ಅನಂತ ಧನ್ಯವಾದಗಳು. ಬೆಳಕಿನ ವಿಷಯ ನಮ್ಮ ತಲೆಗೇ ಹೊಳೆದಿರಲಿಲ್ಲ. ಅತ್ತೆಯವರು ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ನಾವೂ ಬಲವಂತ ಮಾಡುವುದಿಲ್ಲ. ಆ ಮಳೆ, ಗಾಳಿ, ಚಳಿಯಲ್ಲಿ ಅವರಿಗೆ ಏನು ಏರ್ಪಾಡು ಮಾಡಬೇಕು ಎಂದು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ. ಭಾರವಾದ ಉಣ್ಣೆಯ ಕೋಟು ಇಲ್ಲಿಂದಲೇ ಕೊಂಡು ಹೋಗುವುದೇ?

ಸ್ಟಾಕ್‌ಹೋಮ್‌ವಾಸಿ

ನಮ್ಮ ತಾಯಿಯವರು ಇಲ್ಲಿಗೆ ಬಂದಾಗಲೂ ಸೀರೆಯಲ್ಲೇ ಇದ್ದರು, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ, ಅಡ್ಡಿಯೇನಿಲ್ಲ. ಲಂಗದ ಒಳಗೆ ಮೈಗಂಟುವ ಉಣ್ಣೆಯ ಥರ್ಮಲ್ ಪ್ಯಾಂಟು, ರವಿಕೆಯ ಒಳಗೆ ತೋಳುದ್ದದ ತೆಳ್ಳನೆಯ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಮಂಡಿಯವರೆಗೆ ಬರುವ ಮಳೆ ತಡೆಯುವ ಕೋಟು ಇದ್ದರೆ ಸಾಕು. ತೊಂದರೆ ಬರುವುದು ಸೆರಗಿನಿಂದಲ್ಲ, ಸೀರೆಯ ಅಂಚಿನಿಂದ. ಅದು ನೆಲದ ನೀರನ್ನು ಎಳೆದುಕೊಂಡು ಮೊಣಕಾಲಿನವರೆಗೆ ಒದ್ದೆಯಾಗುತ್ತದೆ. ಕಣಕಾಲಿಗಿಂತ ನಾಲ್ಕು ಬೆರಳು ಮೇಲಕ್ಕೆ ಉಡಿಸಿ, ಹತ್ತಿಯ ಬದಲು ಬೇಗ ಒಣಗುವ ಸಿಂಥೆಟಿಕ್ ಸೀರೆ ಇರಲಿ. ಚಪ್ಪಲಿ ಬೇಡವೇ ಬೇಡ. ಹಿಡಿತವಿರುವ ಅಡಿಯ, ನೀರು ನುಗ್ಗದ ಬೂಟು ಮತ್ತು ಉಣ್ಣೆಯ ಕಾಲುಚೀಲ ಹಾಕಿಸಿ. ಅಕ್ಟೋಬರಿನಲ್ಲಿ ಕಾಲುದಾರಿಯ ಮೇಲೆ ಉದುರಿ ನೆನೆದ ಎಲೆಗಳೇ ಜಾರುತ್ತವೆ, ಮಂಡಿನೋವಿರುವವರು ಅಲ್ಲಿ ಜಾಗ್ರತೆಯಿಂದ ಹೆಜ್ಜೆ ಇಡಬೇಕು. ನವೆಂಬರಿನಲ್ಲಾದರೆ ಅದರ ಜೊತೆಗೆ ಕಣ್ಣಿಗೆ ಕಾಣದ ತೆಳುವಾದ ಮಂಜುಗಡ್ಡೆಯೂ ಸೇರುತ್ತದೆ; ವಯಸ್ಸಾದವರಿಗೆ ನನ್ನ ಮಟ್ಟಿಗೆ ಚಳಿಗಿಂತ ದೊಡ್ಡ ಅಪಾಯ ಅದೇ. ಆಗ ಬೂಟಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿಗಳನ್ನು ಇಲ್ಲಿನ ಅಂಗಡಿಗಳಲ್ಲಿ ಕೊಳ್ಳಬಹುದು.

ಭಾರವಾದ ಕೋಟು ತರಬೇಡಿ. ಇಲ್ಲಿ ಬಸ್ಸು, ರೈಲು, ಅಂಗಡಿ, ಹೋಟೆಲು ಎಲ್ಲವನ್ನೂ 20–22 ಡಿಗ್ರಿಗೆ ಬೆಚ್ಚಗೆ ಇಟ್ಟಿರುತ್ತಾರೆ. ದಪ್ಪ ಕೋಟು ಹಾಕಿಕೊಂಡು ಒಳಗೆ ಹೋದರೆ ಬೆವರಿ, ಅದೇ ಬೆವರಿನ ಮೈಯಲ್ಲಿ ಹೊರಗೆ ಬಂದಾಗ ಚಳಿ ಹಿಡಿಯುತ್ತದೆ. ತೆಳ್ಳನೆಯ ಮೂರು ಪದರ ಇದ್ದರೆ ಒಂದೊಂದನ್ನೇ ತೆಗೆದು ಹಾಕಿ ಮಾಡಬಹುದು. ಟೊಪ್ಪಿಗೆ, ಮಫ್ಲರ್, ಕೈಗವಸು ನಾಲ್ವರಿಗೂ ಇರಲಿ. ಮಗಳಿಗೆ ಕೈಗವಸು ಎರಡು ಜೊತೆ ಇಡಿ, ಮಕ್ಕಳು ಒಂದನ್ನು ಒದ್ದೆ ಮಾಡಿಕೊಳ್ಳದೆ ಬಿಡುವುದಿಲ್ಲ.

ಕೋಪನ್‌ಹೇಗನ್ನಿನಿಂದ ಒಬ್ಬರು

ನವೆಂಬರ್ ಪರವಾಗಿ ಯಾರೂ ಮಾತಾಡಿಲ್ಲವಾದ್ದರಿಂದ ನಾನು ಆಡುತ್ತೇನೆ. ನಗರಗಳನ್ನು ಮಾತ್ರ ನೋಡುವವರಿಗೆ ನವೆಂಬರ್ ಅಷ್ಟು ಕೆಟ್ಟ ತಿಂಗಳಲ್ಲ. ಜನಸಂದಣಿ ಇರುವುದಿಲ್ಲ, ಹೋಟೆಲ್ ದರ ಇಳಿದಿರುತ್ತದೆ, ಕತ್ತಲೆ ಬೇಗ ಆಗುವುದರಿಂದ ಕಿಟಕಿ ಕಿಟಕಿಯಲ್ಲೂ ಮೇಣದ ಬತ್ತಿ ಉರಿಸುವ ಇಲ್ಲಿನವರ ರೂಢಿಯನ್ನು ಹತ್ತಿರದಿಂದ ನೋಡಬಹುದು. ಸ್ವೀಡನ್ ಮತ್ತು ಫಿನ್‌ಲೆಂಡ್‌ಗಳಲ್ಲಿ ನವೆಂಬರ್ ಮೊದಲ ವಾರದ ಆಸುಪಾಸಿಗೆ ಬರುವ ಸಕಲ ಸಂತರ ದಿನದಂದು ಜನರು ತಮ್ಮ ಹಿರಿಯರ ಸಮಾಧಿಗಳ ಮೇಲೆ ದೀಪ ಹಚ್ಚುತ್ತಾರೆ. ಸ್ಟಾಕ್‌ಹೋಮ್‌ನ ಸ್ಕೂಗ್‌ಶಿರ್ಕೊಗೋರ್ಡನ್ ಸ್ಮಶಾನದ ಪೈನ್ ಮರಗಳ ಕೆಳಗೆ ಅಂದು ಸಾವಿರಾರು ಹಣತೆಗಳು ಉರಿಯುವುದನ್ನು ನಾನು ಕಂಡಿದ್ದೇನೆ, ಯಾವ ಪ್ರವಾಸಿ ಆಕರ್ಷಣೆಗೂ ಅದು ಕಡಿಮೆಯಲ್ಲ.

ಆದರೂ ಈ ಕುಟುಂಬಕ್ಕೆ ಅಕ್ಟೋಬರನ್ನೇ ಹೇಳುತ್ತೇನೆ, ಏಕೆಂದರೆ ಜೊತೆಯಲ್ಲಿ ಚಿಕ್ಕ ಹುಡುಗಿ ಇದ್ದಾಳೆ. ಡೆನ್ಮಾರ್ಕಿನ ಶಾಲೆಗಳಿಗೆ ವರ್ಷದ 42ನೆಯ ವಾರದಲ್ಲಿ, ಅಂದರೆ ಅಕ್ಟೋಬರ್ ನಡುವಿನಲ್ಲಿ, ಶರತ್ಕಾಲದ ರಜೆ ಇರುತ್ತದೆ. ಸೆಪ್ಟೆಂಬರ್ ಕೊನೆಗೆ ಬಾಗಿಲು ಹಾಕುವ, ಕೋಪನ್‌ಹೇಗನ್ನಿನ ಟಿವೊಲಿ ಎಂಬ ಮನರಂಜನಾ ಉದ್ಯಾನವನ್ನು ಆ ಹೊತ್ತಿಗೆ ಕುಂಬಳಕಾಯಿಯ ಅಲಂಕಾರ ಮಾಡಿ ಮತ್ತೆ ತೆರೆಯುತ್ತಾರೆ, ನವೆಂಬರ್ ಆರಂಭದಲ್ಲಿ ಮತ್ತೊಮ್ಮೆ ಮುಚ್ಚಿ, ಕ್ರಿಸ್‌ಮಸ್ ಋತುವಿಗೆ ಆಮೇಲೆ ತೆರೆಯುತ್ತಾರೆ. ನಡುವಿನ ಮುಚ್ಚಿದ ದಿನಗಳಲ್ಲಿ ಬಂದು ಗೇಟಿನಿಂದ ಹಿಂದಿರುಗುವಂತಾಗಬಾರದು. ನಿಮ್ಮ ವರ್ಷದ ತಾರೀಖನ್ನು ನೋಡಿಕೊಳ್ಳಿ.

ಬಿರುಗಾಳಿಯ ಬಗ್ಗೆ ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಶರತ್ಕಾಲದಲ್ಲಿ ಅಟ್ಲಾಂಟಿಕ್ ಕಡೆಯಿಂದ ವಾಯುಭಾರ ಕುಸಿತಗಳು ಒಂದರ ಹಿಂದೊಂದು ಬರುತ್ತವೆ. 2023ರ ಅಕ್ಟೋಬರಿನಲ್ಲಿ ‘ಬಾಬೆಟ್’ ಎಂದು ಹೆಸರಿಟ್ಟ ಬಿರುಗಾಳಿಯ ದಿನಗಳಲ್ಲಿ ಮೂಡಣ ಗಾಳಿ ಬಾಲ್ಟಿಕ್ ನೀರನ್ನು ದಕ್ಷಿಣ ಡೆನ್ಮಾರ್ಕಿನ ದಡಕ್ಕೆ ನೂಕಿ, ಕರಾವಳಿಯ ಊರುಗಳಿಗೆ ಸಮುದ್ರವೇ ನುಗ್ಗಿತ್ತು. ಇಂಥ ದಿನ ದೋಣಿಗಳು ನಿಲ್ಲುತ್ತವೆ, ಸೇತುವೆಗಳ ಮೇಲೆ ಸಂಚಾರಕ್ಕೆ ನಿರ್ಬಂಧ ಬರುತ್ತದೆ. ಒಂದು ಊರಿನಿಂದ ಇಳಿದ ದಿನವೇ ಭಾರತದ ವಿಮಾನ ಹತ್ತುವಂತೆ ಟಿಕೆಟ್ ಮಾಡಿಸದೆ, ನಡುವೆ ಒಂದು ದಿನ ಬಿಡುವು ಇಟ್ಟುಕೊಳ್ಳಿ.

ಔಲು, ಫಿನ್‌ಲೆಂಡ್

ಟ್ರೊಮ್ಸೊ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಧ್ರುವಪ್ರಭೆಗೆ ಕತ್ತಲೆ ಬೇಕು, ಆದ್ದರಿಂದ ನವೆಂಬರೇ ಒಳ್ಳೆಯದೆಂದು ಪ್ರವಾಸ ಕಂಪನಿಯವರು ಹೇಳುವುದುಂಟು. ಆದರೆ ಅಕ್ಟೋಬರ್ ಎರಡನೆಯ ವಾರದಲ್ಲೇ ಅಲ್ಲಿ ಹಗಲು ಹತ್ತು ತಾಸಿನಷ್ಟು ಮಾತ್ರ. ಉಳಿದದ್ದರಲ್ಲಿ ನೋಡುವುದಕ್ಕೆ ಬೇಕಾದಷ್ಟು ಕತ್ತಲೆ ಸಿಗುತ್ತದೆ. ಹಗಲೂ ರಾತ್ರಿಯೂ ಸಮವಾಗುವ ಸೆಪ್ಟೆಂಬರ್ ಕೊನೆಯ ಆಚೀಚಿನ ವಾರಗಳಲ್ಲಿ ಭೂಮಿಯ ಕಾಂತಕ್ಷೇತ್ರ ಸೌರಮಾರುತಕ್ಕೆ (ಸೂರ್ಯನಿಂದ ಹೊಮ್ಮುವ ಕಣಗಳ ಪ್ರವಾಹಕ್ಕೆ) ಎದುರಾಗುವ ಕೋನ ಅನುಕೂಲಕರವಾಗಿರುವುದರಿಂದ ಧ್ರುವಪ್ರಭೆಯ ಚಟುವಟಿಕೆ ಸರಾಸರಿಗಿಂತ ಹೆಚ್ಚಾಗಿಯೇ ಇರುತ್ತದೆ. ಕೊರತೆ ಇರುವುದು ಕತ್ತಲೆಯದ್ದಲ್ಲ, ಮೋಡವಿಲ್ಲದ ಆಕಾಶದ್ದು. ಧ್ರುವಪ್ರಭೆ ಮೂಡುವುದು ನೂರು ಕಿ.ಮೀ.ಗೂ ಎತ್ತರದಲ್ಲಿ, ಮೋಡ ಇರುವುದು ಅದಕ್ಕಿಂತ ಬಹಳ ಕೆಳಗೆ. ಮುಸುಕು ಕವಿದರೆ ಮೇಲೆ ಎಷ್ಟೇ ಕುಣಿದರೂ ನಮಗೆ ಕಾಣುವುದಿಲ್ಲ. ಟ್ರೊಮ್ಸೊ ಕರಾವಳಿಯ ಊರು, ಅಕ್ಟೋಬರ್ ಅಲ್ಲಿ ಅತಿ ಹೆಚ್ಚು ಮಳೆಯಾಗುವ ತಿಂಗಳುಗಳಲ್ಲೊಂದು.

ತೀರ್ಥಹಳ್ಳಿಯವರು ಹೇಳಿದ ಮಳೆನೆರಳಿನ ಮಾತನ್ನೇ ಇಲ್ಲಿ ಬಳಸಿಕೊಳ್ಳಬಹುದು. ನಾರ್ವೆಯ ಬೆಟ್ಟಗಳ ಮೂಡಣ ಮಗ್ಗುಲಲ್ಲಿ, ಸ್ವೀಡನ್ನಿನ ಅಬಿಸ್ಕೊ ಎಂಬ ಪುಟ್ಟ ಊರಿದೆ. ವರ್ಷಕ್ಕೆ ಬೀಳುವ ಮಳೆ ಹಿಮ ಎಲ್ಲ ಸೇರಿ 300 ಮಿ.ಮೀ. ಆಸುಪಾಸು, ಇಡೀ ಸ್ವೀಡನ್ನಿನಲ್ಲೇ ಒಣ ಪ್ರದೇಶಗಳಲ್ಲೊಂದು. ಕರಾವಳಿಯಲ್ಲಿ ಮೋಡ ಕವಿದಿದ್ದಾಗಲೂ ಇಲ್ಲಿ ಆಕಾಶ ತೆರೆದಿರುವುದುಂಟು. ಅಕ್ಟೋಬರಿನಲ್ಲಿ ಪಕ್ಕದ ತೊರ್ನೆತ್ರೆಸ್ಕ್ ಸರೋವರ ಇನ್ನೂ ಹೆಪ್ಪುಗಟ್ಟಿರುವುದಿಲ್ಲವಾದ್ದರಿಂದ ಹಸಿರು ಬೆಳಕು ನೀರಿನಲ್ಲೂ ಕಾಣುತ್ತದೆ. ಸ್ಟಾಕ್‌ಹೋಮ್‌ನಿಂದ ರಾತ್ರಿ ರೈಲು ನೇರವಾಗಿ ಅಲ್ಲಿಗೇ ಹೋಗುತ್ತದೆ. ಮೂರು ರಾತ್ರಿ ಇದ್ದರೆ ಒಂದು ರಾತ್ರಿಯಾದರೂ ಕಂಡೀತೆಂಬ ಆಸೆ ಇಟ್ಟುಕೊಳ್ಳಬಹುದು. ಖಾತರಿಯನ್ನು ಯಾರೂ ಕೊಡಲಾರರು.

ಫಿನ್‌ಲೆಂಡ್, ಸ್ವೀಡನ್‌ಗಳ ಉತ್ತರ ಭಾಗದ ಲ್ಯಾಪ್‌ಲ್ಯಾಂಡಿನ ಎಲೆಗಳ ಬಣ್ಣ ನೋಡುವ ಆಸೆಯಿದ್ದರೆ ಮಾತ್ರ ಅಕ್ಟೋಬರ್ ತಡವಾಯಿತು. ಅಲ್ಲಿ ನೆಲದ ಮೇಲಿನ ಕುರುಚಲು ಗಿಡಗಳಿಂದ ಹಿಡಿದು ಬರ್ಚ್ ಮರಗಳವರೆಗೆ ಕೆಂಪು ಹಳದಿಗೆ ತಿರುಗುವುದು ಸೆಪ್ಟೆಂಬರ್ ಎರಡನೆಯ ವಾರದ ಹೊತ್ತಿಗೆ. ಆ ಬಣ್ಣ ದಕ್ಷಿಣಕ್ಕೆ ಇಳಿಯುತ್ತಾ ಹೆಲ್ಸಿಂಕಿಗೆ ಬರುವಷ್ಟರಲ್ಲಿ ಅಕ್ಟೋಬರ್ ಆಗಿರುತ್ತದೆ.

ಕೆಲಗೇರಿ, ಧಾರವಾಡ

ಈ ಚರ್ಚೆಯಲ್ಲಿ ನನ್ನದೊಂದು ಪ್ರಶ್ನೆಯನ್ನೂ ಸೇರಿಸಬಹುದೇ? ನಾವು ನಾಲ್ವರು ಗೆಳೆಯರು ಅಕ್ಟೋಬರ್ ಕೊನೆಯ ವಾರ ಐಸ್‌ಲೆಂಡಿನಲ್ಲಿ, ನಂತರ ನಾರ್ವೆಯ ಬೆಟ್ಟದ ರಸ್ತೆಗಳಲ್ಲಿ ಬಾಡಿಗೆ ಕಾರು ಓಡಿಸಬೇಕೆಂದಿದ್ದೇವೆ. ಮಳೆಗಾಲದ ಘಟ್ಟದ ರಸ್ತೆಗಳಲ್ಲಿ ಓಡಿಸಿದ ಅನುಭವ ನಮಗಿದೆ.

ತೀರ್ಥಹಳ್ಳಿಯವರು, ಈಗ ಬರ್ಗನ್

ಘಟ್ಟದ ಅನುಭವ ತಿರುವುಗಳಿಗೆ ಉಪಯೋಗಕ್ಕೆ ಬರುತ್ತದೆ, ಮಂಜುಗಡ್ಡೆಗೆ ಬರುವುದಿಲ್ಲ ಸರ್. ಹಗಲು ಮಳೆಯಾಗಿ ರಾತ್ರಿ ಸೊನ್ನೆಗೆ ಇಳಿದರೆ ರಸ್ತೆಯ ಮೇಲಿನ ನೀರು ಗಾಜಿನಂಥ ಪದರವಾಗುತ್ತದೆ; ನೋಡುವುದಕ್ಕೆ ಒದ್ದೆ ರಸ್ತೆಯಂತೆಯೇ ಇರುವುದರಿಂದ ಬ್ರೇಕು ಒತ್ತಿದ ಮೇಲೆಯೇ ಅದು ತಿಳಿಯುವುದು. ಸೇತುವೆಗಳ ಮೇಲೆ ಮತ್ತು ಬೆಟ್ಟದ ನೆರಳಿರುವ ಕಡೆ ಮೊದಲು ಕಟ್ಟುತ್ತದೆ. ಬಾಡಿಗೆಯವರಿಂದ ಚಳಿಗಾಲದ ಟೈರು ಕೇಳಿ ಪಡೆಯಿರಿ. ಟ್ರೋಲ್‌ಸ್ಟಿಗೆನ್‌ನಂಥ ಬೆಟ್ಟದ ರಸ್ತೆಗಳನ್ನು ಹಿಮ ಬಿದ್ದೊಡನೆ ಬೇಸಗೆಯವರೆಗೆ ಮುಚ್ಚುತ್ತಾರೆ, ನೀವು ಬರುವ ಹೊತ್ತಿಗೆ ಅವು ತೆರೆದಿರುತ್ತವೆಂದು ಎಣಿಸಿ ಹಾದಿ ಹಾಕಬೇಡಿ. ಮುಸ್ಸಂಜೆಯಲ್ಲಿ ಮೂಸ್ ಎಂಬ ಆನೆಗಾತ್ರದ್ದಲ್ಲದಿದ್ದರೂ ಎಮ್ಮೆಗಿಂತ ಎತ್ತರದ ಕಡವೆ ರಸ್ತೆಗೆ ಅಡ್ಡ ಬರುತ್ತದೆ. ಎಚ್ಚರಿಕೆಯ ಫಲಕ ಇರುವಲ್ಲಿ ವೇಗ ತಗ್ಗಿಸಿ.

ಐಸ್‌ಲೆಂಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಶತ್ರು ಗಾಳಿ. ಕಾರನ್ನು ಗಾಳಿಗೆ ಮುಖ ಮಾಡಿ ನಿಲ್ಲಿಸಿ, ಬಾಗಿಲನ್ನು ಎರಡು ಕೈಯಲ್ಲಿ ಹಿಡಿದು ತೆರೆಯಿರಿ. ಹಿಂದಿನಿಂದ ಗಾಳಿ ಹೊಡೆದರೆ ಬಾಗಿಲಿನ ಕೀಲೇ ಮುರಿಯುತ್ತದೆ, ಆ ನಷ್ಟವನ್ನು ಸಾಮಾನ್ಯ ವಿಮೆ ಭರಿಸದಿರಬಹುದು, ಕರಾರು ಪತ್ರ ಓದಿಕೊಳ್ಳಿ. ಒಳನಾಡಿನ ಬೆಟ್ಟದ ಕಚ್ಚಾ ರಸ್ತೆಗಳು ಆ ಹೊತ್ತಿಗೆ ಸಾಮಾನ್ಯವಾಗಿ ಮುಚ್ಚಿರುತ್ತವೆ. ದಕ್ಷಿಣ ಕರಾವಳಿಯಲ್ಲಿ ರೇಕ್ಯಾವಿಕ್‌ನಿಂದ ವಿಕ್‌ವರೆಗಿನ ಹಾದಿಯೊಂದನ್ನೇ ಇಟ್ಟುಕೊಂಡು ನಿಧಾನವಾಗಿ ನೋಡಿದರೆ ಸುಖ. ದ್ವೀಪವನ್ನು ಪೂರ್ತಿ ಸುತ್ತುವ ಹಟ ಆ ವಾರಕ್ಕೆ ಬೇಡ.

ಒಂಟಿಕೊಪ್ಪಲ್, ಮೈಸೂರು

ಮನೆಯಲ್ಲಿ ಎಲ್ಲರೂ ಕುಳಿತು ಓದಿದೆವು. ಅಕ್ಟೋಬರನ್ನೇ ನಿಶ್ಚಯಿಸಿದ್ದೇವೆ. ಟ್ರೊಮ್ಸೊ ಬಿಟ್ಟು, ಬರ್ಗನ್‌ನಲ್ಲಿ ಮೂರು ರಾತ್ರಿ, ಸ್ಟಾಕ್‌ಹೋಮ್‌ಗೆ ಬಂದ ಮೇಲೆ ಅತ್ತೆಯವರಿಗೆ ಆಯಾಸವಾಗದಿದ್ದರೆ ರಾತ್ರಿ ರೈಲಿನಲ್ಲಿ ಅಬಿಸ್ಕೊ ಎಂದು ಬದಲಾಯಿಸಿಕೊಂಡಿದ್ದೇವೆ. ಓಸ್ಲೊದಿಂದ ಬರ್ಗನ್‌ಗೆ ರೈಲಿನಲ್ಲಿ ಹೋಗುವಾಗ ಮಗಳಿಗೆ ಹಿಮ ಕಾಣಸಿಗುವ ಸಾಧ್ಯತೆ ಇದೆಯೇ? ಅವಳ ಪ್ರಶ್ನೆ ಅದೊಂದೇ.

ತೀರ್ಥಹಳ್ಳಿಯವರು, ಈಗ ಬರ್ಗನ್

ಸಾಧ್ಯತೆ ಚೆನ್ನಾಗಿಯೇ ಇದೆ. ರೈಲು ಸುಮಾರು ಏಳು ತಾಸಿನ ಹಾದಿಯ ನಡುವೆ 1,222 ಮೀಟರ್ ಎತ್ತರದ ಫಿನ್ಸೆ ನಿಲ್ದಾಣವನ್ನು ಹಾದುಹೋಗುತ್ತದೆ. ಅಕ್ಟೋಬರಿನಲ್ಲಿ ಅಲ್ಲಿ ಹಿಮ ಬೀಳುವುದು ಹೊಸದೇನಲ್ಲ, ಆಚೆಯ ಹಾರ್ಡಂಗರ್‌ಯೋಕುಲೆನ್ ಹಿಮನದಿ ಮೋಡವಿಲ್ಲದಿದ್ದರೆ ಹೇಗೂ ಕಾಣುತ್ತದೆ. ಬೆಳಗಿನ ರೈಲನ್ನೇ ಹಿಡಿಯಿರಿ, ಫಿನ್ಸೆಯನ್ನು ಬೆಳಕಿದ್ದಾಗ ದಾಟಬೇಕು. ಓಸ್ಲೊದಿಂದ ಹೊರಡುವಾಗ ಎಡಗಡೆಯ ಕಿಟಕಿಯ ಆಸನ ಸಿಕ್ಕರೆ ಹಿಮನದಿ ಆ ಕಡೆಗೇ ಬರುತ್ತದೆ.